ಮೈಲುತುತ್ತ ತಿಂದ ಜೀಪು

ಡ್ರೈವರ್ ಸೀಟು ಎತ್ತಿ ಟಾರ್ಚು ಬಿಟ್ಟೆ. ಟ್ಯಾಂಕಿನ ಪಕ್ಕ, ತಗಡು ಮಡಿಚಿದ ಸಂದಿಯಲ್ಲಿ ಹಸಿರು ಕಂಡಿತು. ಅಷ್ಟೇ ಸಾಕಾಯಿತು. ಕಿಸೆಯಲ್ಲಿದ್ದ ಹತ್ತು ಸಾವಿರ ತೆಗೆದು ಅಡ್ವಾನ್ಸ್ ಕೊಟ್ಟುಬಿಟ್ಟೆ.

2022ರ ನವೆಂಬರ್ ಅದು. ಪುಣೆಯಿಂದ ನಾಸಿಕ್ ರಸ್ತೆ ಹಿಡಿದು ನಾರಾಯಣಗಾವ್‌ನಲ್ಲಿ ಜುನ್ನರ್ ಕಡೆ ಹೊರಳಿದರೆ ಅಲ್ಲಲ್ಲಿ ದ್ರಾಕ್ಷಿ ಚಪ್ಪರಗಳು ಸಿಗುತ್ತವೆ. ಅಂಥದೊಂದು ತೋಟದ ಶೆಡ್ಡಿನಲ್ಲಿ, ಬೆನ್ನ ಮೇಲೆ ಔಷಧಿ ಹೊಡೆಯುವ ಪಂಪು ಹೊತ್ತುಕೊಂಡು ನಿಂತಿತ್ತು ಈ ಮಹೀಂದ್ರ ಸಿಜೆ3ಬಿ. ಮೇಲೆ ಬಿಳಿ ಬಣ್ಣ, ಅದೂ ಬ್ರಷ್ಷಿನಲ್ಲಿ ಬಳಿದದ್ದು. ತೋಟದ ಯಜಮಾನರು ನನ್ನ ಓರಗೆಯವರು. "ಡಿಸ್ಪೋಜಲ್ ಗಾಡಿ. ಮಿಲಿಟರಿದು. ನಮ್ಮ ಅಪ್ಪ 84ರಲ್ಲಿ ಖಡ್ಕಿಯಿಂದ ತಂದದ್ದು" ಎಂದು ಮರಾಠಿಯಲ್ಲಿ ಹೇಳಿದರು. ಡಿಸ್ಪೋಜಲ್ ಅಂದರೆ ಸೈನ್ಯ ಬಳಸಿ ಹರಾಜಿಗೆ ಹಾಕಿದ್ದು, ಖಡ್ಕಿ ಪುಣೆಯ ದಂಡು ಪ್ರದೇಶ. ಮಿಲಿಟರಿ ಅನ್ನುವ ಒಂದು ಶಬ್ದಕ್ಕೆ ನಾನು ಎಷ್ಟು ಸೋತಿದ್ದೆ ಅಂದರೆ, ಬೇರೇನನ್ನೂ ನೋಡಲಿಲ್ಲ. 1,85,000ಕ್ಕೆ ಮಾತು ಮುಗಿಯಿತು. ಪಂಪು ಬಿಚ್ಚಿ ತಮ್ಮಲ್ಲೇ ಇಟ್ಟುಕೊಂಡರು. ನನಗೂ ಅದು ಬೇಕಿರಲಿಲ್ಲ.

ಟೆಂಪೋ ಮೇಲೆ ಹೇರಿಸಿ ಪುಣೆಯ ದಾಪೋಡಿಗೆ ತಂದೆ. ಅಲ್ಲಿ ನನಗೆ ಗೊತ್ತಿದ್ದ ಮಿಸ್ತ್ರಿ ಅಕ್ಕಲಕೋಟೆ ಕಡೆಯವರು. ಮನೆಮಾತು ಕನ್ನಡ, ಗ್ಯಾರೇಜಿನಲ್ಲಿ ಹಿಂದಿ, ಬೈಯುವುದು ಮಾತ್ರ ಮರಾಠಿಯಲ್ಲಿ. ಹದಿನಾಲ್ಕನೇ ವಯಸ್ಸಿಗೆ ಪುಣೆಗೆ ಬಂದು, ಹರಾಜಿನ ಜೀಪು ಬಿಚ್ಚಿ ಕಟ್ಟುವ ಉಸ್ತಾದರೊಬ್ಬರ ಕೈಕೆಳಗೆ ಪಾನಾ ಹಿಡಿದವರು. ನಾನು ಹೆಮ್ಮೆಯಿಂದ ಸೀಟು ಎತ್ತಿ ಹಸಿರು ತೋರಿಸಿದೆ. ಅವರು ಉಗುರಿನಿಂದ ಕೆರೆದರು. ಬೆರಳಿಗೆ ಎಂಜಲು ಹಚ್ಚಿ ಒರೆಸಿದರು. ಹಸಿರು ಬೆರಳಿಗೇ ಬಂತು.

"ಸಾಹೇಬ್ರ, ಇದು ಮಿಲಿಟರಿ ಹಸರಲ್ರಿ. ಮೈಲುತುತ್ತ."

ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಳೆರೋಗಕ್ಕೆ ಅಲ್ಲಿ ಹೊಡೆಯುವ ಬೋರ್ಡೊ ದ್ರಾವಣವನ್ನೇ ಇಲ್ಲಿ ದ್ರಾಕ್ಷಿಗೂ ಹೊಡೆಯುತ್ತಾರೆ. ಮೈಲುತುತ್ತವನ್ನೂ ಸುಣ್ಣವನ್ನೂ ಬೇರೆ ಬೇರೆ ಕರಗಿಸಿ ಕೂಡಿಸುವುದು. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟು. ಕಬ್ಬಿಣ ಸಿಕ್ಕಿದರೆ ತಾಮ್ರ ಅದರ ಮೇಲೆ ಕೂರುತ್ತದೆ, ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ. ಹದ ನೋಡಲು ಚಾಕುವಿನ ಅಲಗು ಅದ್ದುವುದು ಇದೇ ಕಾರಣಕ್ಕೆ. ಅಲಗು ಕೆಂಪಾದರೆ ಸುಣ್ಣ ಸಾಲದು ಎಂದರ್ಥ. ನನ್ನ ಜೀಪು ವರ್ಷಗಟ್ಟಲೆ ಅಂಥ ಚಾಕುವಾಗಿತ್ತು. ಮಿಸ್ತ್ರಿ ಹಿಂದಿನ ಡೆಕ್ಕಿಗೆ, ಅಂದರೆ ಪಂಪು ನಿಂತಿದ್ದ ತಳದ ತಗಡಿಗೆ, ಸ್ಕ್ರೂಡ್ರೈವರ್ ಊರಿದರು, ಅದು ಹಿಡಿಯವರೆಗೂ ಇಳಿಯಿತು. ಸುತ್ತಲಿನ ತಗಡು ಹಪ್ಪಳದ ಹಾಗೆ ಮುರಿದು ಕೆಳಗೆ ಬಿತ್ತು.

"ನೋಡೂಕ ಹೋಗೂ ಮುಂದ ನನ್ನ ಯಾಕ ಕರೀಲಿಲ್ರಿ?" ಅಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಹಾಗೆ ನೋಡಿದರೆ ನಾನು ಅವಸರದವನೇನಲ್ಲ. ಜೀಪಿನ ಹುಚ್ಚು ಧಾರವಾಡದಿಂದ ಬಂದದ್ದು. ಸೋದರಮಾವ ಅರಣ್ಯ ಇಲಾಖೆಯಲ್ಲಿ ಡ್ರೈವರ್. ಹಳಿಯಾಳ, ದಾಂಡೇಲಿ ಕಡೆ ಹೋಗುವಾಗ ಸೂಟಿಯಲ್ಲಿ ಒಮ್ಮೊಮ್ಮೆ ನನ್ನನ್ನೂ ಕೂರಿಸಿಕೊಳ್ಳುತ್ತಿದ್ದ. ಪುಣೆಗೆ ಬಂದು ಇಪ್ಪತ್ತು ವರ್ಷ ಆಸೆ ಅದುಮಿಟ್ಟುಕೊಂಡೆ. ಮೊದಲು ಕಣ್ಣು ಬಿದ್ದದ್ದು ಜೋಂಗಾ ಮೇಲೆ. ನಿಸ್ಸಾನ್ ಕಂಪನಿಯ 'ಪ್ಯಾಟ್ರೋಲ್ 60' ಗಾಡಿಯನ್ನು ಜಬಲ್‌ಪುರದಲ್ಲಿ ನಮ್ಮ ಸೈನ್ಯಕ್ಕಾಗಿ ಕಟ್ಟಿದ್ದು. ಹೆಸರೂ ಅಲ್ಲಿನದೇ, 'ಜಬಲ್‌ಪುರ್ ಆರ್ಡ್ನನ್ಸ್ ಅಂಡ್ ಗನ್ ಕ್ಯಾರೇಜ್ ಅಸೆಂಬ್ಲಿ' ಎಂಬುದರ ಮೊದಲಕ್ಷರಗಳು. ಆರು ಸಿಲಿಂಡರು, 3956 ಸಿಸಿ. ಭೋಸರಿಯಲ್ಲಿ ಒಂದನ್ನು ಓಡಿಸಿಯೂ ನೋಡಿದೆ. ಇಂಜಿನ್ನಿನ ಸದ್ದು ಈಗಲೂ ಕಿವಿಯಲ್ಲಿದೆ. ಆದರೆ ಪೆಟ್ರೋಲು ಕುಡಿಯುವುದನ್ನು ನೋಡಿ ನನ್ನವಳು "ಇದಕ್ಕ ಊಟಾ ಹಾಕೂದೊ, ಮಗಳ ಫೀಸ್ ಕಟ್ಟೂದೊ" ಎಂದು ಒಂದೇ ಮಾತಲ್ಲಿ ಮುಗಿಸಿದಳು. ನಾಲ್ಕು ಸಿಲಿಂಡರಿಗೆ ಇಳಿದೆ.

ಸಿಜೆ3ಬಿಯನ್ನು ಹಳೆ ಜೀಪಿನ ಪಂಡಿತರು ಸ್ವಲ್ಪ ಕೀಳಾಗಿ ನೋಡುತ್ತಾರೆ. ಅವರ ದೇವರು ವಿಲ್ಲೀಸ್ ಎಂಬಿ, 1941ರಿಂದ 45ರವರೆಗೆ ಯುದ್ಧಕ್ಕಾಗಿ ಕಟ್ಟಿದ್ದು, ಬಾನೆಟ್ಟು ತಗ್ಗು, ನೋಟ ಚೂಪು. ಅದರ ಇಂಜಿನ್ನಿನಲ್ಲಿ ಎರಡೂ ವಾಲ್ವುಗಳು ಬ್ಲಾಕಿನೊಳಗೇ ಇದ್ದವು. ಮುಂದೆ ಅದೇ 134 ಘನ ಅಂಗುಲದ ಇಂಜಿನ್ನಿಗೆ ಬಲ ಕೂಡಿಸಲು ಒಳಸೇದುವ ವಾಲ್ವನ್ನು ಮೇಲಿನ ಮುಚ್ಚಳಕ್ಕೆ, ಅಂದರೆ ಹೆಡ್ಡಿಗೆ, ಒಯ್ದು, ಹೊಗೆ ಬಿಡುವುದನ್ನು ಕೆಳಗೇ ಬಿಟ್ಟರು. ಇಂಜಿನ್ನು ಎತ್ತರವಾಯಿತು, ಹಳೆ ಬಾನೆಟ್ಟಿನ ಕೆಳಗೆ ಹಿಡಿಸಲಿಲ್ಲ. ಹೊಸ ಮೈ ಮಾಡುವ ಗೋಜಿಗೆ ಹೋಗದೆ ಬಾನೆಟ್ಟನ್ನೇ ಎತ್ತರಿಸಿದರು. ಹೀಗಾಗಿ ಈ ಜೀಪು ಯಾವಾಗಲೂ ಹುಬ್ಬೇರಿಸಿ ನೋಡಿದ ಹಾಗೆ ಕಾಣುತ್ತದೆ. ಅಮೆರಿಕದಲ್ಲಿ 1968ಕ್ಕೆ ನಿಂತಿತು. ಇಲ್ಲಿ ಮಹೀಂದ್ರದವರು ಅದನ್ನು ಬಹುಕಾಲ ಕಟ್ಟುತ್ತಲೇ ಇದ್ದರು. ನಮ್ಮೂರಿನ ಪೊಲೀಸರು, ತಹಶೀಲ್ದಾರರು, ಚುನಾವಣೆಯ ಮೈಕು, ಎಲ್ಲಕ್ಕೂ ಇದೇ. ನನಗೆ ಜೀಪು ಎಂದರೆ ಈ ಮುಖವೇ.

ಮಿಸ್ತ್ರಿ ಅಂದು ಕಬ್ಬಿಣ ನೋಡುವುದನ್ನು ಬಿಟ್ಟು ಆರ್‌ಸಿ ಕೇಳಿದರು. ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು: ತಯಾರಾದದ್ದು 1968. ಮೊದಲ ನೋಂದಣಿ 1984. ಇಂಧನ ಪೆಟ್ರೋಲು. ಬಣ್ಣ ನೀಲಿ. ಆಮೇಲೆ ಜೀಪಿನ ಕಡೆ ನೋಡಿದರು. ಬಣ್ಣ ಬಿಳಿ, ಬಾನೆಟ್ಟಿನೊಳಗೆ ಹಳೇ ಟೆಂಪೋದಿಂದ ತೆಗೆದು ಕೂರಿಸಿದ ಡೀಸೆಲ್ ಇಂಜಿನ್ನು.

ಮುಂದಿನ ಹದಿನೆಂಟು ತಿಂಗಳು ಈ ನಾಲ್ಕು ಸಾಲುಗಳೇ ನನ್ನನ್ನು ಆಡಿಸಿದವು.

ನಾನು 'ವಿಂಟೇಜ್' ನಂಬರಿನ ಕನಸು ಕಂಡಿದ್ದೆ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಮಾಡಿದ ನಿಯಮದ ಪ್ರಕಾರ, ಐವತ್ತು ವರ್ಷ ದಾಟಿದ ಗಾಡಿಗೆ 20,000 ರೂಪಾಯಿ ಕಟ್ಟಿದರೆ 'ವಿಎ' ಅಕ್ಷರವಿರುವ ನಂಬರು ಸಿಗುತ್ತದೆ, ಹತ್ತು ವರ್ಷಕ್ಕೆ. 1968ರ ಗಾಡಿ, ಐವತ್ತು ಎಂದೋ ಆಯಿತಲ್ಲ? ಆಗಿಲ್ಲ. ಲೆಕ್ಕ ಹಿಡಿಯುವುದು ಮೊದಲ ನೋಂದಣಿಯಿಂದ. ಸೈನ್ಯದಲ್ಲಿರುವಾಗ ಗಾಡಿಗೆ ಮೇಲ್ಮುಖ ಬಾಣದ ಗುರುತಿನ ಅವರದೇ ನಂಬರು ಇರುತ್ತದೆ, ಆರ್‌ಟಿಒ ಪುಸ್ತಕದಲ್ಲಿ ಅದು ಹುಟ್ಟಿಯೇ ಇರುವುದಿಲ್ಲ. ಹದಿನಾರು ವರ್ಷದ ಸೈನ್ಯದ ನೌಕರಿ ಲೆಕ್ಕಕ್ಕಿಲ್ಲ. ನನ್ನ ಜೀಪು ವಿಂಟೇಜ್ ಆಗುವುದು 2034ರಲ್ಲಿ. ಅಲ್ಲಿಯವರೆಗೆ ಅದು ಬರೀ ಹಳೇ ಗಾಡಿ, ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ನಿಲ್ಲಿಸಿ ಆರ್‌ಸಿ ಹೊಸದು ಮಾಡಿಸಬೇಕು. ಮುಂದಿನ ಗಡುವು 2024ರ ಜೂನ್. ಮೊದಲು ಬೇಜಾರಾಯಿತು. ಆಮೇಲೆ ವಿಎ ನಂಬರಿನ ಗಾಡಿಯನ್ನು ದಿನಬಳಕೆಗೆ ರಸ್ತೆಗೆ ತರುವಂತಿಲ್ಲ, ಪ್ರದರ್ಶನ ರ‍್ಯಾಲಿಗಳಿಗಷ್ಟೇ ಎಂದು ಓದಿದ ಮೇಲೆ ಸಮಾಧಾನವಾಯಿತು. ನನಗೆ ಅದರಲ್ಲಿ ಕಾಯಿಪಲ್ಲೆ ತರಬೇಕಿತ್ತು.

ಇಂಜಿನ್ನಿನ ಕತೆಯಲ್ಲಿ ತಪ್ಪು ಪೂರ್ತಿ ನನ್ನದು. ಆರ್‌ಸಿಯಲ್ಲಿ ಪೆಟ್ರೋಲು ಇದೆ, ಆದ್ದರಿಂದ ಪೆಟ್ರೋಲ್ ಇಂಜಿನ್ನೇ ಬರಬೇಕು. ಮುಂಬೈಯಲ್ಲಿ ಒಬ್ಬ ವ್ಯಾಪಾರಿಯ ಹತ್ತಿರ ಸಿಜೆ3ಬಿ ಇಂಜಿನ್ನು ಇದೆ, ಸಿಲಿಂಡರಿನ ಒಳಗೋಡೆ ಕೊರೆದು ಬೋರಿಂಗ್ ಮಾಡಿದೆ, ಬಿಲ್ಲೂ ಕೊಡುತ್ತಾನೆ ಎಂದು ತಿಳಿಯಿತು. 42,000 ಕೊಟ್ಟೆ. ಹೊರಗೆಲ್ಲ ಬೆಳ್ಳಿ ಬಣ್ಣ ಹೊಡೆದು ಮಿರಿಮಿರಿ ಮಾಡಿದ್ದ. ದಾಪೋಡಿಯಲ್ಲಿ ಮಿಸ್ತ್ರಿ ಹೆಡ್ಡು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಮೇಲೆ ಸುಣ್ಣದ ಪುಡಿ ಉದುರಿಸಿ ಕಾದರು. ಮೂರನೇ ಸಿಲಿಂಡರಿನ ಪಕ್ಕ ಹೊಗೆ ವಾಲ್ವಿನ ಸೀಟಿನಿಂದ ಬೋರಿನ ಕಡೆಗೆ ಎಣ್ಣೆಯ ಕೂದಲೆಳೆಯೊಂದು ಬಿಳಿ ಪುಡಿಯಲ್ಲಿ ನಿಧಾನ ಮೂಡಿತು. ಬಿರುಕು. ಆ ವಾಲ್ವು ಬ್ಲಾಕಿನಲ್ಲೇ ಇರುವುದರಿಂದ ಬೆಂಕಿಯ ಬಿಸಿಯೆಲ್ಲ ಅಲ್ಲೇ. ಈ ಇಂಜಿನ್ನುಗಳು ಬಿರಿಯುವುದು ಹೆಚ್ಚಾಗಿ ಆ ಜಾಗದಲ್ಲೇ ಅಂತೆ. ವ್ಯಾಪಾರಿ ಫೋನು ಎತ್ತುವುದನ್ನು ಬಿಟ್ಟ.

ಎರಡು ತಿಂಗಳು ಜೀಪಿನ ಕಡೆ ಹೋಗಲಿಲ್ಲ. ಒಂದು ರವಿವಾರ ಚಹಾ ಕುಡಿಯುತ್ತ ನನ್ನವಳು ಕೇಳಿದಳು: "ಆ ತೋಟದವ್ರು ಹಳೇ ಇಂಜಿನ್ ಏನ್ ಮಾಡಿದ್ರಂತ?" ನಾನು ಕೇಳಿಯೇ ಇರಲಿಲ್ಲ. ಜುನ್ನರಿಗೆ ಫೋನು ಹಚ್ಚಿದೆ. "ಇದೆಯಲ್ಲ, ಬಾವಿ ಮನೆಯಲ್ಲಿ. ಸ್ವಲ್ಪ ದಿನ ನೀರು ಎತ್ತಲು ಹಚ್ಚಿದ್ದೆವು, ಆಮೇಲೆ ಕರೆಂಟಿನ ಮೋಟಾರು ಬಂತು. ನೀವು ಕೇಳಲಿಲ್ಲ, ಬೇಡ ಅಂದುಕೊಂಡೆ" ಅಂದರು. ಪಿಸ್ಟನ್ ಹಿಡಿದುಕೊಂಡಿತ್ತು, ಮ್ಯಾನಿಫೋಲ್ಡಿನಲ್ಲಿ ಇಲಿ ಗೂಡು. ಆದರೆ ನಂಬರು ಆರ್‌ಸಿಯಲ್ಲಿದ್ದದ್ದೇ. ಅವರು ದುಡ್ಡು ತೆಗೆದುಕೊಳ್ಳಲಿಲ್ಲ. ಮುಂದಿನ ಸಲ ಧಾರವಾಡ ಪೇಡೆ ತನ್ನಿ ಅಂದರು.

ಬೋರು ದೊಡ್ಡದು ಮಾಡಿ ಹೊಸ ಪಿಸ್ಟನ್ ಹಾಕಿಸಿದೆವು. ಲೇತಿನವರು ಹೊಗೆ ವಾಲ್ವಿಗೆ ಗಡಸು ಸೀಟು ಕೂರಿಸಲೇಬೇಕು ಅಂದರು. ಈ ಇಂಜಿನ್ನು ಹುಟ್ಟಿದ ಕಾಲದ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು, ಅದು ಸೀಟಿನ ಮೇಲೆ ತೆಳ್ಳಗೆ ಕೂತು ಸವೆತ ತಡೆಯುತ್ತಿತ್ತು. ನಮ್ಮಲ್ಲಿ ಸೀಸದ ಪೆಟ್ರೋಲು 2000ದಲ್ಲಿ ನಿಂತಿತು. ಈಗಿನದರಲ್ಲಿ ಸೀಸವಿಲ್ಲ, ಎಥೆನಾಲ್ ಇದೆ. ಅದು ಹಳೇ ರಬ್ಬರಿಗೆ ಆಗಿಬರುವುದಿಲ್ಲ. ಪೆಟ್ರೋಲ್ ಪಂಪಿನ ಪರದೆ, ಪೈಪು, ಕಾರ್ಬೊರೇಟರಿನ ವಾಷರು ಎಲ್ಲ ಬದಲಾಯಿತು. ಬಿಡಿಭಾಗಗಳಿಗೆ ಪುಣೆಯ ನಾನಾ ಪೇಠೆ ಸಾಕು. ಹಳೇ ಸಾಮಾನಿನ ಜುನಾ ಬಜಾರಿಗೆ ಮಾತ್ರ ಹುರುಪಿನಿಂದ ಹೋಗಬೇಡಿ. 'ಮಿಲಿಟರಿ ಲ್ಯಾಂಪು' ಎಂದು 600 ಕೊಟ್ಟು ತಂದದ್ದನ್ನು ಮಿಸ್ತ್ರಿ ತಿರುಗಿಸಿ ನೋಡಿ "ಟ್ರ್ಯಾಕ್ಟರಂದ್ರಿ" ಅಂದರು.

ಇಡೀ ಕೆಲಸದಲ್ಲಿ ನಾನು ಬಾಯಿ ಬಿಟ್ಟು ನೋಡಿದ್ದು ಮುಂದಿನ ಚಕ್ರದ ಗುಂಡು ಕಟ್ಟುವುದನ್ನು. ಆಕ್ಸಲಿನ ತುದಿಯಲ್ಲಿ ತೆಂಗಿನಕಾಯಿ ಗಾತ್ರದ ಉಕ್ಕಿನ ಗುಂಡು, ಅದರ ಸುತ್ತ ತಿರುಗುವ ಚಿಪ್ಪು, ಮೇಲೆ ಕೆಳಗೆ ಕಿಂಗ್‌ಪಿನ್ ಬೇರಿಂಗು, ನಡುವೆ ಎಲೆಯಂಥ ತೆಳು ತಗಡಿನ ಶಿಮ್ಮುಗಳು. ಶಿಮ್ಮು ಹೆಚ್ಚಾದರೆ ಸಡಿಲ, ಐವತ್ತರ ವೇಗದಲ್ಲಿ ಒಂದು ಗುಂಡಿ ಸಿಕ್ಕರೆ ಚಕ್ರಗಳು ಭೂತ ಹೊಕ್ಕಂತೆ ನಡುಗುತ್ತವೆ. ಕಡಿಮೆಯಾದರೆ ಬಿಗಿ, ಸ್ಟೇರಿಂಗು ತಾನಾಗಿ ಮರಳುವುದಿಲ್ಲ. ಹೊಸ ಹುಡುಗರು ಕೈಯಂದಾಜಿನಲ್ಲಿ ಕಟ್ಟಿಬಿಡುತ್ತಾರೆ. ನಮ್ಮ ಮಿಸ್ತ್ರಿ ಮೀನು ಮಾರುವವಳ ಹತ್ತಿರ ಇಸಕೊಂಡ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಯನ್ನು ಸ್ಟೇರಿಂಗ್ ತೋಳಿಗೆ ಸಿಕ್ಕಿಸಿ, ಮೆಲ್ಲಗೆ ಎಳೆದು, ಚಿಪ್ಪು ಅಲುಗಿದ ಕ್ಷಣ ಮುಳ್ಳು ಎಲ್ಲಿದೆ ಎಂದು ನೋಡುತ್ತಿದ್ದರು. ಒಂದು ಶಿಮ್ಮು ತೆಗೆ, ಮತ್ತೆ ಎಳೆ. ಎಡಚಕ್ರಕ್ಕೆ ಒಂಬತ್ತು ಸಲ. ಕಂಪನಿಯ ಪುಸ್ತಕದಲ್ಲೂ ಸ್ಪ್ರಿಂಗ್ ತಕ್ಕಡಿಯಿಂದಲೇ ನೋಡಬೇಕೆಂದು ಬರೆದಿದೆ. ಅವರು ಆ ಪುಸ್ತಕ ಕಂಡವರಲ್ಲ. "ಉಸ್ತಾದ್ ಹಿಂಗ ಮಾಡ್ತಿದ್ರು" ಅಷ್ಟೇ. ತಕ್ಕಡಿ ವಾಪಸು ಹೋದಾಗ ಗ್ರೀಸು ಹತ್ತಿದ್ದಕ್ಕೆ ಆಕೆ ಮಾಡಿದ ಜಗಳವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಡೆಕ್ಕು ಪೂರ್ತಿ ಹೊಸ ತಗಡು. ಕೆಳಗಿನ ದಪ್ಪ ಅಡ್ಡಪಟ್ಟಿಗಳು ಮಾತ್ರ ಉಳಿದಿದ್ದವು, ಅವುಗಳಲ್ಲಿ ಪಂಪು ಬಿಗಿದಿದ್ದ ನಾಲ್ಕು ತೂತು. ನಾಲ್ಕನ್ನೂ ಮುಚ್ಚಿ ಅಂದೆ. ಮಿಸ್ತ್ರಿ ಮೂರು ಮುಚ್ಚಿದರು. ನಾಲ್ಕನೆಯದನ್ನು ಹೊಸ ತಗಡಿಗೂ ಹಾಯಿಸಿ, "ಮಳಿ ನೀರ ಎಲ್ಲಿ ಹೋಗಬೇಕ್ರಿ?" ಅಂದರು.

ಹಳೆ ಬಣ್ಣ ಕೆರೆಯುವ ದಿನ ಆಫೀಸಿಗೆ ರಜೆ ಹಾಕಿದೆ. ಮೇಲೆ ಬಿಳಿ, ಅದರ ಕೆಳಗೆ ನೀಲಿ, ಅದರ ಕೆಳಗೆ ಕೆಂಪು ಪ್ರೈಮರು. ಬಲಗಡೆ ಹಿಂದಿನ ಚಕ್ರದ ಮೇಲೆ ನಾನೇ ಕೆರೆಯುತ್ತಿದ್ದೆ. ಕೆಂಪಿನಡಿ ಮಾಸಲು ಹಸಿರು ಬಂತು. ಬೆರಳಿಗೆ ಎಂಜಲು ಹಚ್ಚಿ ಒರೆಸಿದೆ. ಹೋಗಲಿಲ್ಲ. ಇನ್ನಷ್ಟು ಮೆಲ್ಲಗೆ ಕೆರೆದಾಗ ಬಿಳಿ ಅಕ್ಷರಗಳು, ಅಚ್ಚಿನ ತಗಡಿಟ್ಟು ಬರೆದವು: ಟಿ ಪಿ, ಮುಂದೆ ಅಳಿಸಿದ ಒಂದು ಅಂಕಿ. ಟೈರಿನ ಗಾಳಿ ಎಷ್ಟಿರಬೇಕೆಂದು ಸೈನ್ಯದ ಗಾಡಿಗಳ ಚಕ್ರದ ಮೇಲೆ ಬರೆದಿರುತ್ತಾರಲ್ಲ, ಅದು. ಯಾವನೋ ಸಿಪಾಯಿ ಬಗ್ಗಿ ನಿಂತು ಬ್ರಷ್ಷು ಆಡಿಸಿದ ಜಾಗ. ಗ್ಯಾರೇಜಿನ ಹುಡುಗರನ್ನೆಲ್ಲ ಕರೆದು ತೋರಿಸಿದೆ. ಅವರು ಸುಮ್ಮನೆ ತಲೆಯಾಡಿಸಿ ಹೋದರು.

ಇದೇ ಹಸಿರು ಹೊಡೆಸಬೇಕು ಎನ್ನುವುದು ಮೊದಲ ದಿನದ ಆಸೆ. ಆಗುವುದಿಲ್ಲ. ಮೋಟಾರು ವಾಹನ ನಿಯಮಗಳ 121ನೆಯದು ಸ್ಪಷ್ಟವಾಗಿದೆ: ರಕ್ಷಣಾ ಇಲಾಖೆಯದಲ್ಲದ ಯಾವ ಗಾಡಿಗೂ ಆಲಿವ್ ಹಸಿರು ಬಳಿಯುವಂತಿಲ್ಲ. ರಸ್ತೆಯಲ್ಲಿ ಬೇಕಾದಷ್ಟು ಹಸಿರು ಜೀಪು ಓಡುತ್ತವೆ, ನಿಜ. ಬಾಗಿಲಿಗೆ ನಕ್ಷತ್ರ, ಬಂಪರಿಗೆ ಸುಳ್ಳು ರೆಜಿಮೆಂಟಿನ ಹೆಸರು. ನನಗೆ ಅದು ಸೇರುವುದಿಲ್ಲ. ನಾನು ಒಂದು ದಿನವೂ ಸೈನ್ಯದಲ್ಲಿದ್ದವನಲ್ಲ, ಖಡ್ಕಿಯ ಸಿಗ್ನಲ್ಲಿನಲ್ಲಿ ನಿಜವಾದ ಜವಾನನ ಪಕ್ಕ ಆ ಬಣ್ಣದಲ್ಲಿ ಹೇಗೆ ನಿಲ್ಲಲಿ? ಬೂದು ಹೊಡೆಸೋಣವೆಂದರೆ ಬಣ್ಣ ಬದಲಿಸಿದ್ದನ್ನು ಆರ್‌ಸಿಯಲ್ಲಿ ಬರೆಸಬೇಕು. ನೀಲಿಯಾದರೆ ಏನೂ ಬೇಕಿಲ್ಲ. ಹೀಗೆ ಬಣ್ಣವನ್ನೂ ಕಾಗದವೇ ಆರಿಸಿತು. ಟಿ ಪಿ ಅಕ್ಷರಗಳ ಫೋಟೊ ತೆಗೆದುಕೊಂಡೆ. ಅಷ್ಟು ಜಾಗ ಬಿಡೋಣವೇ ಎಂದು ಪೇಂಟರು ಎರಡು ದಿನ ಕಾದ. ಮೂರನೇ ದಿನ ಹೊಡಿ ಅಂದೆ.

2024ರ ಮೇಯಲ್ಲಿ ತಪಾಸಣೆ. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದರು, ಇಂಜಿನ್ ನಂಬರು ನೋಡಿದರು, ದೀಪ, ಹಾರ್ನು, ಬ್ರೇಕು. ನೋಂದಣಿಗೆ 5,000, ಮೇಲೆ ಪರಿಸರ ತೆರಿಗೆ. ಅಧಿಕಾರಿ ಬಾನೆಟ್ಟಿನೊಳಗೆ ಅಗತ್ಯಕ್ಕಿಂತ ಹೆಚ್ಚು ಹೊತ್ತು ನೋಡಿದಾಗ ನನ್ನ ಎದೆ ಹೊಡೆದುಕೊಂಡಿತು. "ನಮ್ಮ ಅಜ್ಜನ ಹತ್ತಿರ ಇತ್ತು" ಎಂದು ಮುಚ್ಚಿದರು.

ಆ ವರ್ಷದ ಡಿಸೆಂಬರಿನಲ್ಲಿ, ಪೇಡೆಯ ಡಬ್ಬಿ ಇಟ್ಟುಕೊಂಡು, ಜುನ್ನರಿಗೆ ಹೊರಟೆ. ಮಿಸ್ತ್ರಿಯೂ ಬಂದರು. ಮೂರೇ ಗೇರು, ಅದರಲ್ಲಿ ಮೊದಲನೆಯದು ಓಡುವಾಗ ಬೀಳುವುದಿಲ್ಲ. "ನಿಂತ ಮ್ಯಾಲ ಫಸ್ಟ್" ಎಂದು ಮಾವ ಹೇಳುತ್ತಿದ್ದದ್ದು ಖೇಡ್ ಹತ್ತಿರದ ಏರಿನಲ್ಲಿ ನೆನಪಾಯಿತು. ಎರಡನೇ ಗೇರು ಇಳಿಜಾರಿನಲ್ಲಿ ಹಾರುತ್ತದೆ. ಮೊಣಕಾಲು ಒತ್ತಿ ಹಿಡಿಯಬೇಕು. ಐವತ್ತೈದರ ಮೇಲೆ ಮಾತು ಕೇಳಿಸುವುದಿಲ್ಲ. ಲಾರಿಯವರು ಹಾರ್ನು ಹೊಡೆದು ದಾಟುವಾಗ ಇಣುಕಿ ನಗುತ್ತಿದ್ದರು. ತೋಟದ ದಾರಿಯಲ್ಲಿ ಕಾಲುವೆ ನೀರು ನಿಂತು ಕೆಸರಾಗಿತ್ತು. ಮುಂದಿನ ಆಕ್ಸಲಿನ ಲಿವರು ಎಳೆದು, ಆಮೇಲೆ ಪಕ್ಕದ ಲಿವರನ್ನು ನಿಧಾನಗತಿಯ 'ಲೋ'ಗೆ ಹಾಕಿದೆ. ಮೊದಲನೆಯದನ್ನು ಎಳೆಯದೆ ಎರಡನೆಯದು ಬೀಳುವುದೇ ಇಲ್ಲ, ಹಾಗೆ ಮಾಡಿಟ್ಟಿದ್ದಾರೆ. ಆಕ್ಸಿಲರೇಟರ್ ಮುಟ್ಟಲಿಲ್ಲ. ಎಮ್ಮೆ ಕೆರೆಯಿಂದ ಏಳುವ ಹಾಗೆ ತಾನೇ ನಡೆದುಕೊಂಡು ಆಚೆ ಬಂತು.

ಯಜಮಾನರು ಸುತ್ತ ತಿರುಗಿ ನೋಡಿ ಮೊಬೈಲಿನಲ್ಲಿ ಫೋಟೊ ತೆಗೆದರು. ಒಳಗಿನಿಂದ ಅವರ ತಂದೆಯನ್ನು ಕೈಹಿಡಿದು ಕರೆತಂದರು. ಎಂಬತ್ತು ದಾಟಿದವರು, ಕಣ್ಣು ಮಂಜು. ನೀಲಿಯ ಮೇಲೆ ಕೈಯಾಡಿಸುತ್ತ ಹಿಂದಕ್ಕೆ ಹೋದರು. ಡೆಕ್ಕಿನ ಮೇಲೆ ಅಂಗೈ ಊರಿ, ಏನೋ ಹುಡುಕಿದರು.

"ಪಂಪ್ ಕುಠಂ ಗೇಲಾ?"

ಪಂಪು ಎಲ್ಲಿ ಹೋಯಿತು ಎಂದು. ಮಗ ಏನೋ ಹೇಳಲು ಹೋದರು. ಮುದುಕರು ಕೇಳಿಸಿಕೊಳ್ಳಲಿಲ್ಲ. ಅಂಗೈಯನ್ನು ಇನ್ನಷ್ಟು ಒಳಕ್ಕೆ ಸರಿಸಿ, ಮೂಲೆಯಲ್ಲಿ ಮಿಸ್ತ್ರಿ ಬಿಟ್ಟಿದ್ದ ಆ ಒಂದು ತೂತು ಸಿಕ್ಕ ಕೂಡಲೇ ಅದರೊಳಗೆ ತೋರುಬೆರಳು ತೂರಿಸಿ, ಸ್ವಲ್ಪ ಹೊತ್ತು ಹಾಗೇ ನಿಂತರು.